ಪೆರುವಿನ ಕಡಲು ಬಿಸಿಯಾದರೆ ಕೂಡ್ಲಿಗಿಯಲ್ಲಿ ಮಳೆ ನಿಲ್ಲುತ್ತದೆಯೇ? ಎಲ್ ನಿನೋ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಯುಗಾದಿ ಹತ್ತಿರವಾದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಸುತ್ತಲು ಶುರುವಾಗುತ್ತದೆ. ದೂರದ ಪೆಸಿಫಿಕ್ ಸಮುದ್ರ ಬಿಸಿಯಾಗಿದೆ, ಎಲ್ ನಿನೋ ಬಂದಿದೆ, ಈ ಸಲ ಮಳೆಯೇ ಇಲ್ಲ, ಬೀಜ ಗೊಬ್ಬರಕ್ಕೆ ದುಡ್ಡು ಹಾಕಬೇಡಿ ಎನ್ನುವುದು ಅದರ ಸಾರ. ಜೊತೆಗೆ ಕೆಂಪು ಬಣ್ಣ ತುಂಬಿದ ಒಂದು ಭೂಪಟ, ಬಿರುಕು ಬಿಟ್ಟ ನೆಲದ ಒಂದು ಫೋಟೊ. ಮರುದಿನ ಅದೇ ಗುಂಪಿಗೆ ತದ್ವಿರುದ್ಧದ ಸಂದೇಶವೂ ಬರುತ್ತದೆ: ಸಮುದ್ರ ಬಿಸಿಯಾದರೆ ಆವಿ ಹೆಚ್ಚು, ಆವಿ ಹೆಚ್ಚಾದರೆ ಮಳೆ ಹೆಚ್ಚು, ಹೆದರಬೇಡಿ.

ಎರಡೂ ಸಂದೇಶಗಳನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರೈತರೊಬ್ಬರು ಓದುತ್ತಾರೆ ಎಂದುಕೊಳ್ಳಿ. ಅವರಿಗೆ ಇದು ಹರಟೆಯ ವಿಷಯವಲ್ಲ. ಶೇಂಗಾ ಹಾಕಬೇಕೋ ಸಜ್ಜೆ ಹಾಕಬೇಕೋ, ಮೆಕ್ಕೆಜೋಳದ ಬೀಜದ ಪಾಕೀಟು ಈಗಲೇ ತರಬೇಕೋ ಕಾಯಬೇಕೋ, ಬೆಳೆ ವಿಮೆ ಕಟ್ಟಬೇಕೋ ಬಿಡಬೇಕೋ ಎನ್ನುವ ತೀರ್ಮಾನಗಳೆಲ್ಲ ಇದರ ಮೇಲೆ ನಿಂತಿವೆ. ಹಾಗಾಗಿ ಈ ಫಾರ್ವರ್ಡ್‌ಗಳ ಹಿಂದಿರುವ ವಿಜ್ಞಾನವನ್ನು ನಾವು ಇಲ್ಲಿ ಬಿಡಿಸಿ ನೋಡಿದ್ದೇವೆ.

ಚಿಕ್ಕದಾಗಿ ಹೇಳುವುದಾದರೆ: ಪೆಸಿಫಿಕ್ ಸಮುದ್ರದ ಬಿಸಿಗೂ ನಮ್ಮ ಮಳೆಗೂ ಸಂಬಂಧ ಇರುವುದು ನಿಜ. ಎಲ್ ನಿನೋ ಬಂದ ವರ್ಷ ಮಳೆ ಬರುವುದೇ ಇಲ್ಲ ಎನ್ನುವುದು ಸುಳ್ಳು. ಸಮುದ್ರ ಬಿಸಿಯಾದಷ್ಟೂ ನಮಗೆ ಮಳೆ ಹೆಚ್ಚು ಎನ್ನುವುದೂ ಸುಳ್ಳು.

ಮೊದಲು, ಅಲ್ಲಿನ ಕಡಲು ಯಾಕೆ ತಣ್ಣಗಿದೆ?

ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ ಪೆರು ದೇಶವಿದೆ. ಅದರ ರಾಜಧಾನಿ ಲಿಮಾ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 12 ಡಿಗ್ರಿಯಲ್ಲಿದೆ. ನಮ್ಮ ಮೈಸೂರು ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ. ಸೂರ್ಯ ಎರಡು ಕಡೆಗೂ ಒಂದೇ ರೀತಿ ಸುಡುತ್ತಾನೆ. ಆದರೂ ಮಂಗಳೂರಿನ ಸಮುದ್ರದ ನೀರು ವರ್ಷದ ಬಹುಪಾಲು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, ಲಿಮಾದ ಸಮುದ್ರದ ನೀರು ಸಾಮಾನ್ಯವಾಗಿ 15ರಿಂದ 20 ಡಿಗ್ರಿ ಆಸುಪಾಸಿನಲ್ಲಿರುತ್ತದೆ.

ಕಾರಣ ಗಾಳಿ. ಬೇಸಿಗೆಯಲ್ಲಿ ಬಾವಿಗೆ ಈಜಲು ಇಳಿದವರಿಗೆ ಗೊತ್ತು, ಮೇಲಿನ ಒಂದೆರಡು ಅಡಿ ನೀರು ಬೆಚ್ಚಗಿರುತ್ತದೆ, ಕಾಲು ಕೆಳಗೆ ಬಿಟ್ಟರೆ ತಣ್ಣಗೆ ಕೊರೆಯುತ್ತದೆ. ಸಮುದ್ರವೂ ಹಾಗೆಯೇ. ಪೆಸಿಫಿಕ್‌ನಲ್ಲಿ ಭೂಮಧ್ಯರೇಖೆಯ ಗುಂಟ ಪೂರ್ವದಿಂದ ಪಶ್ಚಿಮಕ್ಕೆ ವರ್ಷದ ಹೆಚ್ಚಿನ ಕಾಲ ಒಂದೇ ಸಮ ಗಾಳಿ ಬೀಸುತ್ತದೆ. ಕೆರೆಯ ಮೇಲೆ ಗಾಳಿ ಬೀಸಿದಾಗ ಪಾಚಿ, ನೊರೆ ಎಲ್ಲ ಒಂದು ದಂಡೆಗೆ ಹೋಗಿ ಕೂಡಿಕೊಳ್ಳುವಂತೆ, ಈ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತದೆ. ಎಷ್ಟರ ಮಟ್ಟಿಗೆ ಎಂದರೆ, ಇಂಡೋನೇಷ್ಯಾದ ಬಳಿ ಸಮುದ್ರ ಮಟ್ಟ ದಕ್ಷಿಣ ಅಮೆರಿಕದ ಬಳಿ ಇರುವುದಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರವಾಗಿರುತ್ತದೆ.

ಪೆರು ತೀರದಲ್ಲಿ ಬೀಸುವ ಗಾಳಿಯೂ, ಭೂಮಿಯ ತಿರುಗುವಿಕೆಯೂ ಸೇರಿ ಮೇಲಿನ ನೀರನ್ನು ದಂಡೆಯಿಂದ ದೂರ ಸರಿಸುತ್ತವೆ. ಆ ಜಾಗ ತುಂಬಲು ಆಳದಿಂದ ತಣ್ಣೀರು ಮೇಲೆ ಬರುತ್ತದೆ. ಈ ತಣ್ಣೀರು ಬರಿಗೈಲಿ ಬರುವುದಿಲ್ಲ. ತಳದಲ್ಲಿ ಕೊಳೆತು ಸೇರಿದ ಪೋಷಕಾಂಶಗಳನ್ನು ಹೊತ್ತು ತರುತ್ತದೆ. ಹೊಲಕ್ಕೆ ತಿಪ್ಪೆ ಗೊಬ್ಬರ ಬಿದ್ದಂತೆ ಸಮುದ್ರಕ್ಕೆ ಇದು ಗೊಬ್ಬರ. ಅದರಿಂದ ಸೂಕ್ಷ್ಮ ಸಸ್ಯಗಳು, ಅವನ್ನು ತಿಂದು ಆಂಕೋವಿ ಎಂಬ ಸಣ್ಣ ಮೀನುಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಒಂದೇ ಜಾತಿಯ ಮೀನನ್ನು ಹಿಡಿಯುವ ಉದ್ಯಮಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು ಈ ಪೆರುವಿನ ಆಂಕೋವಿಯದು.

ಎಲ್ ನಿನೋ ಎಂದರೆ ಏನು?

ಕೆಲವು ವರ್ಷ ಈ ಗಾಳಿ ಸುಸ್ತಾಗುತ್ತದೆ. ಪಶ್ಚಿಮದಲ್ಲಿ ಒಟ್ಟಿಕೊಂಡಿದ್ದ ಬಿಸಿನೀರು ಹಿಂದಕ್ಕೆ, ಅಂದರೆ ಪೂರ್ವಕ್ಕೆ ಹರಡುತ್ತದೆ. ಪೆರು ತೀರದಲ್ಲಿ ತಣ್ಣೀರು ಮೇಲೆ ಬರುವುದು ಕಡಿಮೆಯಾಗುತ್ತದೆ. ಮೀನು ಆಳಕ್ಕೋ ದೂರಕ್ಕೋ ಹೋಗುತ್ತವೆ, ಇಲ್ಲವೇ ಸಾಯುತ್ತವೆ.

ಇದನ್ನು ಮೊದಲು ಗುರುತಿಸಿದವರು ವಿಜ್ಞಾನಿಗಳಲ್ಲ, ಅಲ್ಲಿನ ಮೀನುಗಾರರು. ಬಿಸಿನೀರು ಕ್ರಿಸ್‌ಮಸ್ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತಿದ್ದರಿಂದ ಅದಕ್ಕೆ ಎಲ್ ನಿನೋ ಎಂದು ಹೆಸರಿಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ಗಂಡು ಮಗು, ಇಲ್ಲಿ ಬಾಲ ಏಸು. ಇದಕ್ಕೆ ತದ್ವಿರುದ್ಧವಾಗಿ ಗಾಳಿ ಜೋರಾಗಿ, ನೀರು ಮಾಮೂಲಿಗಿಂತ ತಣ್ಣಗಾದರೆ ಅದು ಲಾ ನಿನಾ, ಅಂದರೆ ಹೆಣ್ಣು ಮಗು.

ಇಂದು ವಿಜ್ಞಾನಿಗಳು ಪೆರು ತೀರವನ್ನಷ್ಟೇ ನೋಡುವುದಿಲ್ಲ. ಪೆಸಿಫಿಕ್‌ನ ನಡುಭಾಗದ ಒಂದು ನಿರ್ದಿಷ್ಟ ಪಟ್ಟಿಯಲ್ಲಿ ನೀರಿನ ಬಿಸಿ ಸರಾಸರಿಗಿಂತ ಕನಿಷ್ಠ ಅರ್ಧ ಡಿಗ್ರಿ ಹೆಚ್ಚಾಗಿ, ಹಲವು ತಿಂಗಳು ಹಾಗೆಯೇ ಉಳಿದರೆ ಮಾತ್ರ ಎಲ್ ನಿನೋ ಎನ್ನುತ್ತಾರೆ. ಅರ್ಧ ಡಿಗ್ರಿ ಎಂದರೆ ಇಷ್ಟೇನಾ ಎನ್ನಿಸಬಹುದು. ಆದರೆ ಸಾವಿರಾರು ಕಿಲೋಮೀಟರ್ ಉದ್ದದ ಸಮುದ್ರದ ಮೇಲ್ಮೈಯನ್ನು ಅರ್ಧ ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ ಊಹೆಗೆ ಮೀರಿದ್ದು.

ಅಲ್ಲಿನ ಬಿಸಿ ಇಲ್ಲಿಗೆ ಹೇಗೆ ಮುಟ್ಟುತ್ತದೆ?

ಲಿಮಾದಿಂದ ಕೂಡ್ಲಿಗಿಗೆ ನೇರ ದೂರ ಸುಮಾರು 17 ಸಾವಿರ ಕಿಲೋಮೀಟರ್. ಅಲ್ಲಿನ ಬಿಸಿ ಗಾಳಿ ಇಲ್ಲಿಗೆ ಬಂದು ಬೀಸುತ್ತದೆ ಎಂದು ಕೆಲವು ಫಾರ್ವರ್ಡ್‌ಗಳು ಹೇಳುತ್ತವೆ. ಹಾಗಾಗುವುದಿಲ್ಲ.

ಕೊಟ್ಟೂರೇಶ್ವರ ಜಾತ್ರೆಯ ಜೈಂಟ್ ವೀಲ್ ನೆನಪಿಸಿಕೊಳ್ಳಿ. ಒಂದು ಕಡೆ ತೊಟ್ಟಿಲು ಮೇಲೇರಿದರೆ ಇನ್ನೊಂದು ಕಡೆ ಇಳಿಯಲೇಬೇಕು. ವಾತಾವರಣದಲ್ಲೂ ಇಂಥ ದೊಡ್ಡ ಚಕ್ರಗಳಿವೆ. ಸಮುದ್ರ ಎಲ್ಲಿ ಹೆಚ್ಚು ಬಿಸಿಯೋ ಅಲ್ಲಿ ಗಾಳಿ ಮೇಲೇರುತ್ತದೆ, ಮೋಡವಾಗುತ್ತದೆ, ಮಳೆಯಾಗುತ್ತದೆ. ಮೇಲೇರಿದ ಗಾಳಿ ದೂರ ಹೋಗಿ ಮತ್ತೆಲ್ಲೋ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ.

ಮಾಮೂಲಿ ವರ್ಷಗಳಲ್ಲಿ ಮೇಲೇರುವ ಜಾಗ ಇಂಡೋನೇಷ್ಯಾದ ಸುತ್ತಮುತ್ತ. ನಮ್ಮ ಮುಂಗಾರಿಗೆ ಇದು ಅನುಕೂಲ. ಎಲ್ ನಿನೋ ವರ್ಷಗಳಲ್ಲಿ ಬಿಸಿನೀರಿನ ಜೊತೆ ಮೇಲೇರುವ ಜಾಗವೂ ಪೂರ್ವಕ್ಕೆ ಸರಿಯುತ್ತದೆ. ಆಗ ಇಳಿಯುವ ಜಾಗ ಇಂಡೋನೇಷ್ಯಾದಿಂದ ಭಾರತದವರೆಗೆ ಚಾಚಿಕೊಳ್ಳಬಹುದು. ಮುಂಗಾರು ದುರ್ಬಲವಾಗುವುದು ಹೀಗೆ. ಅದೇ ಹೊತ್ತಿಗೆ ಪೆರುವಿನ ಮರುಭೂಮಿಯಂಥ ಉತ್ತರ ತೀರದಲ್ಲಿ ಧಾರಾಕಾರ ಮಳೆ, ಪ್ರವಾಹ. ಅವರ ಅತಿವೃಷ್ಟಿ, ನಮ್ಮ ಅನಾವೃಷ್ಟಿ ಎರಡೂ ಒಂದೇ ಚಕ್ರದ ಎರಡು ಬದಿ.

1972 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷದ ಎಲ್ ನಿನೋ ಹೊಡೆತಕ್ಕೆ, ಅದಕ್ಕೂ ಮೊದಲೇ ಮಿತಿಮೀರಿ ಮೀನು ಹಿಡಿದದ್ದೂ ಸೇರಿ, ಪೆರುವಿನ ಆಂಕೋವಿ ಉದ್ಯಮ ಕುಸಿದುಬಿತ್ತು. ಅದೇ ವರ್ಷ ಭಾರತದ ಮುಂಗಾರು ಸರಾಸರಿಗಿಂತ ಸುಮಾರು ಶೇ. 24ರಷ್ಟು ಕಡಿಮೆಯಾಗಿ ದೊಡ್ಡ ಬರ ಬಂತು. ಆಂಕೋವಿಯ ಹೆಚ್ಚಿನ ಪಾಲು ಒಣಗಿಸಿ ಪುಡಿ ಮಾಡಿ ಕೋಳಿ ಮತ್ತು ಮೀನಿನ ಆಹಾರಕ್ಕೆ ಹೋಗುತ್ತದೆ. ಅದು ಸಿಗದಿದ್ದಾಗ ಜಗತ್ತಿನಲ್ಲಿ ಸೋಯಾ ಬೆಲೆ ಏರಿತು. ಹರಪನಹಳ್ಳಿ ಕಡೆಯ ಮೆಕ್ಕೆಜೋಳವೂ ಬಹುಪಾಲು ಹೋಗುವುದು ಇದೇ ಕೋಳಿ ಆಹಾರಕ್ಕೆ. ದೂರದ ಕಡಲು ನಮ್ಮನ್ನು ಮುಟ್ಟುವುದು ಮೋಡದ ಮೂಲಕ ಮಾತ್ರವಲ್ಲ, ಮಾರುಕಟ್ಟೆಯ ಮೂಲಕವೂ ಹೌದು.

ಈ ನಂಟು ಪತ್ತೆಯಾದದ್ದು ಭಾರತದಲ್ಲೇ

ಎಲ್ ನಿನೋ ಎನ್ನುವುದು ವಿದೇಶಿಯರು ಮೊನ್ನೆ ಮೊನ್ನೆ ಹುಟ್ಟಿಸಿದ ಭೂತ ಎನ್ನುವ ಸಂದೇಶಗಳೂ ಇವೆ. ಇತಿಹಾಸ ಬೇರೆಯೇ ಹೇಳುತ್ತದೆ.

1876–78ರ ಮಹಾಬರ ದಕ್ಷಿಣ ಭಾರತವನ್ನು ಹಿಂಡಿ ಹಾಕಿತು. ಪಂಚಾಂಗದ ಲೆಕ್ಕದಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಬರ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ, ಅಂದರೆ ಇಂದಿನ ನಮ್ಮ ಈ ತಾಲೂಕುಗಳಿರುವ ಸೀಮೆ, ಅತಿ ಹೆಚ್ಚು ನರಳಿದ ಪ್ರದೇಶಗಳಲ್ಲೊಂದು. ಮದ್ರಾಸ್, ಮೈಸೂರು, ಮುಂಬಯಿ, ಹೈದರಾಬಾದ್ ಸೀಮೆಗಳಲ್ಲಿ ಒಟ್ಟು ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು ಎನ್ನುವುದು ಕಡಿಮೆ ಪಕ್ಷದ ಅಂದಾಜು. ಇಂದಿನ ವಿಜ್ಞಾನಿಗಳು ಹಳೆಯ ದಾಖಲೆಗಳನ್ನು ಜೋಡಿಸಿ ನೋಡಿದಾಗ, 1877–78ರಲ್ಲಿ ದಾಖಲೆಯಲ್ಲೇ ಅತಿ ಪ್ರಬಲವಾದ ಎಲ್ ನಿನೋಗಳಲ್ಲಿ ಒಂದು ಇದ್ದದ್ದು ತಿಳಿಯಿತು. ಚೀನಾ, ಬ್ರೆಜಿಲ್‌ಗಳಲ್ಲೂ ಅದೇ ಕಾಲಕ್ಕೆ ಬರವಿತ್ತು.

ಒಂದು ಮಾತು ಇಲ್ಲಿ ಮುಖ್ಯ. ಮಳೆ ಕೈಕೊಟ್ಟದ್ದು ಸಮುದ್ರದಿಂದ, ಆದರೆ ಅಷ್ಟು ಜನ ಸತ್ತದ್ದು ಸಮುದ್ರದಿಂದಷ್ಟೇ ಅಲ್ಲ. ಹಸಿವಿನ ನಡುವೆಯೂ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು, ಪರಿಹಾರ ಕಾಮಗಾರಿಯ ಕೂಲಿಯನ್ನು ಬ್ರಿಟಿಷ್ ಸರ್ಕಾರ ಕಡಿತ ಮಾಡಿತು. ಬರ ಪ್ರಕೃತಿಯದು, ಕ್ಷಾಮ ಬಹುಮಟ್ಟಿಗೆ ಮನುಷ್ಯರದು.

ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. 1904ರಿಂದ 1924ರವರೆಗೆ ಅದರ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರ ಮುಂದೆ ಇದ್ದ ಪ್ರಶ್ನೆ, ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಬಹುದೇ ಎಂಬುದು. ಇಲಾಖೆಯ ಭಾರತೀಯ ಸಿಬ್ಬಂದಿ ಜಗತ್ತಿನ ನಾನಾ ಕಡೆಯ ಗಾಳಿಯ ಒತ್ತಡ, ಮಳೆಯ ಅಂಕಿಗಳನ್ನು ಕೈಯಲ್ಲೇ ಲೆಕ್ಕ ಹಾಕಿದರು. ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ ಎನ್ನುವ ತಕ್ಕಡಿಯಾಟವನ್ನು ವಾಕರ್ ಗುರುತಿಸಿದರು. ಈ ಗಾಳಿಯ ತಕ್ಕಡಿಗೂ ಸಮುದ್ರದ ಬಿಸಿಗೂ ಇರುವ ನಂಟನ್ನು 1969ರಲ್ಲಿ ಯಾಕೊಬ್ ಬ್ಯರ್ಕ್ನೆಸ್ ಬಿಡಿಸಿಟ್ಟರು. ಅಂದರೆ ಈ ವಿಜ್ಞಾನ ಶುರುವಾದದ್ದೇ ನಮ್ಮ ಬರಗಳ ಪ್ರಶ್ನೆಯಿಂದ.

ಈಗ ಒಂದೊಂದಾಗಿ ಫಾರ್ವರ್ಡ್‌ಗಳನ್ನು ನೋಡೋಣ

ವಾದ 1: ಎಲ್ ನಿನೋ ಬಂದರೆ ಆ ವರ್ಷ ಮಳೆ ಇಲ್ಲ.

ಇದು ಅರ್ಧ ಸತ್ಯ. 2002, 2009, 2015 ಎಲ್ ನಿನೋ ವರ್ಷಗಳು. ಮೂರರಲ್ಲೂ ದೇಶದ ಮುಂಗಾರು ಸರಾಸರಿಗಿಂತ ಕ್ರಮವಾಗಿ ಸುಮಾರು ಶೇ. 19, ಶೇ. 22, ಶೇ. 14ರಷ್ಟು ಕಡಿಮೆಯಾಯಿತು. ಆದರೆ 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲಿ ಒಂದು ಇದ್ದಾಗ, ದೇಶದ ಮುಂಗಾರು ಸರಾಸರಿಯ ಶೇ. 102ರಷ್ಟಿತ್ತು. ಬರ ಬಂದೇ ಬರುತ್ತದೆ ಎಂದು ಹೆದರಿದ್ದವರಿಗೆ ಆ ವರ್ಷ ಮಳೆ ಚೆನ್ನಾಗಿಯೇ ಆಯಿತು.

ಯಾಕೆ ಹೀಗೆ? ನಮ್ಮ ಮಳೆಯ ಮೇಲೆ ಹಿಡಿತವಿರುವ ಸಮುದ್ರ ಪೆಸಿಫಿಕ್ ಒಂದೇ ಅಲ್ಲ. ನಮ್ಮದೇ ಹಿಂದೂ ಮಹಾಸಾಗರಕ್ಕೂ ಒಂದು ಚಿಕ್ಕ ತಕ್ಕಡಿಯಿದೆ. ಆಫ್ರಿಕಾ ಕಡೆಯ ಪಶ್ಚಿಮ ಭಾಗ ಬಿಸಿಯಾಗಿ, ಸುಮಾತ್ರಾ ಕಡೆಯ ಪೂರ್ವ ಭಾಗ ತಣ್ಣಗಾದರೆ ಅದನ್ನು ಧನಾತ್ಮಕ ದ್ವಿಧ್ರುವ ಸ್ಥಿತಿ ಎನ್ನುತ್ತಾರೆ. ಸುದ್ದಿಯಲ್ಲಿ ಐಒಡಿ ಎಂದು ಬರುವುದು ಇದೇ. ಈ ಸ್ಥಿತಿ ನಮ್ಮ ಮುಂಗಾರಿಗೆ ಒಳ್ಳೆಯದು. 1997ರಲ್ಲಿ ಎಲ್ ನಿನೋದ ಪೆಟ್ಟನ್ನು ತಡೆದದ್ದರಲ್ಲಿ ಇದರ ಪಾತ್ರ ದೊಡ್ಡದು. 2019ರಲ್ಲಿ ಇದು ಬಹಳ ಪ್ರಬಲವಾಗಿತ್ತು, ಆ ಮುಂಗಾರು ದೇಶದಲ್ಲಿ ಸರಾಸರಿಯ ಶೇ. 110 ಮುಟ್ಟಿತು. ಆ ಆಗಸ್ಟ್‌ನಲ್ಲಿ ಕರ್ನಾಟಕ ಕಂಡ ಪ್ರವಾಹ ಇನ್ನೂ ನೆನಪಿನಲ್ಲಿದೆ.

ಇದರ ಉಲ್ಟಾ ಕೂಡ ಆಗುತ್ತದೆ. 2016ರಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಎಲ್ ನಿನೋ ಮುಗಿದುಹೋಗಿತ್ತು. ಇಡೀ ದೇಶದ ಮಳೆ ಸರಾಸರಿಯ ಶೇ. 97, ಅಂದರೆ ಸಾಮಾನ್ಯ. ಆದರೆ ಕರ್ನಾಟಕದಲ್ಲಿ ಆಗಿದ್ದ 176 ತಾಲೂಕುಗಳಲ್ಲಿ 160 ಬರಪೀಡಿತ ಎಂದು ಘೋಷಣೆಯಾದವು. ಹಿಂಗಾರು ಮಳೆಯೂ ದಕ್ಷಿಣದಲ್ಲಿ ಆ ವರ್ಷ ತೀರಾ ಕೈಕೊಟ್ಟಿತು. ಆಗ ಹಿಂದೂ ಮಹಾಸಾಗರದ ತಕ್ಕಡಿ ಎದುರು ದಿಕ್ಕಿಗೆ ವಾಲಿತ್ತು. ಎಲ್ ನಿನೋ ಇಲ್ಲ ಎಂದ ಮಾತ್ರಕ್ಕೆ ಬರ ಇಲ್ಲ ಎಂದಲ್ಲ.

ವಾದ 2: ಪೆರು ತೀರ ಬಿಸಿಯಾಗಿದೆ, ಹಾಗಾಗಿ ಇಲ್ಲಿ ಬರ ಖಚಿತ.

ಎಲ್ಲಿ ಬಿಸಿಯಾಗಿದೆ ಎನ್ನುವುದು ಮುಖ್ಯ. 2017ರ ಆರಂಭದಲ್ಲಿ ಪೆರುವಿನ ತೀರದ ನೀರು ಮಾತ್ರ ವಿಪರೀತ ಬಿಸಿಯಾಯಿತು. ಅಲ್ಲಿ ಭೀಕರ ಪ್ರವಾಹ ಬಂತು. ಆದರೆ ಪೆಸಿಫಿಕ್‌ನ ನಡುಭಾಗ ಬಿಸಿಯಾಗಿರಲಿಲ್ಲ. ಆ ವರ್ಷ ಭಾರತದ ಮುಂಗಾರು ಸರಾಸರಿಯ ಶೇ. 95, ಬರದ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಮುಂಗಾರಿಗೆ ಹೆಚ್ಚು ತೊಂದರೆ ಕೊಡುವುದು ಪೆಸಿಫಿಕ್‌ನ ನಡುಭಾಗದ ಬಿಸಿ. ಕೆಂಪು ಬಣ್ಣದ ಭೂಪಟ ಬಂದರೆ, ಕೆಂಪು ಇರುವುದು ದಂಡೆಯಲ್ಲೋ ನಡುಸಮುದ್ರದಲ್ಲೋ ಎಂದು ಮೊದಲು ನೋಡಿ. ಭೂಪಟದ ಮೇಲೆ ಯಾವ ವರ್ಷ, ಯಾವ ತಿಂಗಳು ಎಂದು ಬರೆದಿಲ್ಲದಿದ್ದರೆ ಅದನ್ನು ನಂಬಲೇಬೇಡಿ. 1997 ಅಥವಾ 2015ರ ಭೂಪಟವನ್ನೇ ಹೊಸದೆಂದು ಹಂಚುವುದು ಸುಲಭ.

ವಾದ 3: ಸಮುದ್ರ ಬಿಸಿಯಾದರೆ ಆವಿ ಹೆಚ್ಚು, ಆದ್ದರಿಂದ ಮಳೆ ಹೆಚ್ಚು.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಇಷ್ಟು ನಿಜ. ಆದರೆ ತೇವ ಇದ್ದರೆ ಸಾಲದು, ಅದನ್ನು ನೆಲದ ಕಡೆ ಎಳೆದು ತರುವ ಬಲವೂ ಬೇಕು. ಬೇಸಿಗೆಯಲ್ಲಿ ನೆಲ ಕಾದು, ಸಮುದ್ರ ಅದಕ್ಕಿಂತ ತಣ್ಣಗಿರುವುದೇ ಮುಂಗಾರನ್ನು ಎಳೆಯುವ ಶಕ್ತಿಗಳಲ್ಲಿ ದೊಡ್ಡದು. ಸಮುದ್ರವೂ ಬಿಸಿಯಾದರೆ ಈ ವ್ಯತ್ಯಾಸ ಕುಗ್ಗುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನದ ಪ್ರಕಾರ ಹಿಂದೂ ಮಹಾಸಾಗರ 1950ರಿಂದ 2020ರ ನಡುವೆ ಶತಮಾನಕ್ಕೆ ಸುಮಾರು 1.2 ಡಿಗ್ರಿಯ ವೇಗದಲ್ಲಿ ಬಿಸಿಯಾಗಿದೆ. ಇದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ಒಟ್ಟು ಮುಂಗಾರು ಮಳೆ ಇಳಿಮುಖವಾಗಿ, ಒಮ್ಮೆಗೇ ಸುರಿಯುವ ವಿಪರೀತ ಮಳೆಯ ಘಟನೆಗಳು ಹೆಚ್ಚಿದ್ದನ್ನು ಅವರು ಕಂಡಿದ್ದಾರೆ.

ರೈತರ ಭಾಷೆಯಲ್ಲಿ ಹೇಳುವುದಾದರೆ, ಹದ ಮಳೆ ಕಡಿಮೆ, ಹೊಲ ಕೊಚ್ಚುವ ಮಳೆ ಹೆಚ್ಚು. ಒಂದೇ ರಾತ್ರಿ ಸುರಿದು ಹಳ್ಳಕ್ಕೆ ಹೋದ ನೀರು ಮಸಾರಿ ಹೊಲದ ಶೇಂಗಾಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಅರಬ್ಬಿ ಸಮುದ್ರದ ಬಿಸಿ ಇನ್ನೊಂದು ರೀತಿಯಲ್ಲೂ ಕಾಡುತ್ತದೆ, ಅದು ಚಂಡಮಾರುತ. 2023ರ ಜೂನ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ತೇವವನ್ನು ತನ್ನ ಕಡೆ ಸೆಳೆದುಕೊಂಡಿತು. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಒಂದು ವಾರ ತಡವಾಗಿ, ಜೂನ್ 8ಕ್ಕೆ. ಮುಂದೆ ಸಾಗಿದ್ದೂ ನಿಧಾನವಾಗಿಯೇ.

ವಾದ 4: ಎಲ್ ನಿನೋ ಎಂದರೆ ಜಾಗತಿಕ ತಾಪಮಾನ ಏರಿಕೆ. ಎರಡೂ ಒಂದೇ.

ಒಂದೇ ಅಲ್ಲ. ಎಲ್ ನಿನೋ ಎರಡರಿಂದ ಏಳು ವರ್ಷಕ್ಕೊಮ್ಮೆ ಬಂದು ಹೋಗುವ ನೈಸರ್ಗಿಕ ಏರಿಳಿತ. ಸಾವಿರಾರು ವರ್ಷಗಳಿಂದ ಇದೆ. ತಾಪಮಾನ ಏರಿಕೆ ಎನ್ನುವುದು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟು ನಾವು ವಾತಾವರಣಕ್ಕೆ ಸೇರಿಸಿದ ಅನಿಲಗಳಿಂದ ಆಗುತ್ತಿರುವ ಏಕಮುಖ ಏರಿಕೆ. ಈ ಹೆಚ್ಚುವರಿ ಶಾಖದ ಶೇ. 90ಕ್ಕೂ ಹೆಚ್ಚು ಭಾಗವನ್ನು ಸಮುದ್ರಗಳೇ ಹೀರಿಕೊಂಡಿವೆ. ಏರಿಳಿಯುವ ಅಲೆ ಎಲ್ ನಿನೋ ಆದರೆ, ಅಲೆಯ ಕೆಳಗೆ ಏರುತ್ತಲೇ ಇರುವ ನೀರಿನ ಮಟ್ಟ ತಾಪಮಾನ ಏರಿಕೆ. ಎರಡೂ ಸೇರಿದಾಗ ದಾಖಲೆಗಳು ಮುರಿಯುತ್ತವೆ. 2023, 2024ರಲ್ಲಿ ಆದದ್ದು ಇದೇ.

ತಣ್ಣೀರು ಮೇಲೆ ಬರುವುದು ಪೆರುವಿಗಷ್ಟೇ ಸೀಮಿತವಲ್ಲ. ಮುಂಗಾರಿನ ತಿಂಗಳುಗಳಲ್ಲಿ ಕೇರಳ, ಕರ್ನಾಟಕ ಕರಾವಳಿಯಲ್ಲೂ ಆಳದ ತಂಪು ನೀರು ಮೇಲೆ ಬರುತ್ತದೆ. ಬೂತಾಯಿ ಮೀನು ಹಿಂಡುಹಿಂಡಾಗಿ ಬೆಳೆಯುವುದು ಅದರಿಂದಲೇ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್‌ಗೆ ಕುಸಿಯಿತು. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆ ಕೊಟ್ಟ ಕಾರಣಗಳಲ್ಲಿ ಎಲ್ ನಿನೋ ಕಾಲದ ಸಮುದ್ರದ ಬದಲಾವಣೆಯೂ ಒಂದು, ಅತಿಯಾಗಿ ಹಿಡಿದದ್ದೂ ಒಂದು.

ವಾದ 5: ಲಾ ನಿನಾ ಬಂದರೆ ಸಮೃದ್ಧಿ.

ಲಾ ನಿನಾ ವರ್ಷಗಳಲ್ಲಿ ಮುಂಗಾರು ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಆದರೆ ಮಳೆ ಹೆಚ್ಚಾದರೆ ಬೆಳೆ ಹೆಚ್ಚು ಎಂದೇನಿಲ್ಲ. 2021 ಲಾ ನಿನಾ ಕಾಲ. ಆ ನವೆಂಬರ್‌ನಲ್ಲಿ ಕೊಯ್ಲಿನ ಹೊತ್ತಿಗೆ ಬಿಡದೆ ಸುರಿದ ಮಳೆಗೆ ರಾಜ್ಯದ ಹಲವು ಕಡೆ ರಾಗಿ, ಮೆಕ್ಕೆಜೋಳ ಹೊಲದಲ್ಲೇ ಮೊಳಕೆಯೊಡೆದವು.

ಹಾಗಾದರೆ ನಮ್ಮ ಐದು ತಾಲೂಕಿಗೆ ಇದರ ಅರ್ಥವೇನು?

ನಮ್ಮದು ಪಶ್ಚಿಮ ಘಟ್ಟದ ಮಳೆ ನೆರಳಿನ ನಾಡು. ಅರಬ್ಬಿ ಸಮುದ್ರದ ಮೋಡಗಳು ಘಟ್ಟದಲ್ಲೇ ಬಹುಪಾಲು ಖಾಲಿಯಾಗಿ ಇಲ್ಲಿಗೆ ಬರುತ್ತವೆ. ಹಳೆಯ ಬಳ್ಳಾರಿ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಆಸುಪಾಸು. ಹಡಗಲಿ, ಹರಪನಹಳ್ಳಿಯ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ, ಹಗರಿಬೊಮ್ಮನಹಳ್ಳಿಗೆ ಮಾಲವಿ ಜಲಾಶಯವಿದೆ. ಆದರೂ ಹೆಚ್ಚಿನ ಹೊಲಗಳು ಆಕಾಶ ನೋಡಿಕೊಂಡೇ ಬದುಕುತ್ತವೆ.

ಇಲ್ಲಿ ಒಂದು ವಿಶೇಷ ಗಮನಿಸಬೇಕು. ನಮ್ಮ ಕಡೆ ಹೆಚ್ಚು ಮಳೆ ಬೀಳುವ ತಿಂಗಳು ಜುಲೈ ಅಲ್ಲ, ಸೆಪ್ಟೆಂಬರ್. ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಕಾಲ. ಅದರ ಹಿಂದೆಯೇ ಅಕ್ಟೋಬರ್‌ನಲ್ಲಿ ಚಿತ್ತಾ, ಸ್ವಾತಿ. ಎಲ್ ನಿನೋ ಸಾಮಾನ್ಯವಾಗಿ ಹೆಚ್ಚು ಹೊಡೆತ ಕೊಡುವುದು ನಡು ಮುಂಗಾರಿಗೆ. ಅಕ್ಟೋಬರ್ ನಂತರದ ಹಿಂಗಾರನ್ನು ಅದು ದಕ್ಷಿಣ ಭಾರತದಲ್ಲಿ ಹಲವು ಸಲ ಬಲಪಡಿಸುತ್ತದೆ ಎನ್ನುವುದು ದಾಖಲೆಗಳಿಂದ ಕಂಡದ್ದು. ಖಾತ್ರಿ ಅಲ್ಲ, ಆದರೆ ಒಲವು ಆ ಕಡೆ ಇದೆ. ಹಾಗಾಗಿ ಎಲ್ ನಿನೋ ಎಂದ ಕೂಡಲೇ ಇಡೀ ವರ್ಷ ಕೈಚೆಲ್ಲುವುದು ತಪ್ಪು.

2023 ಇದನ್ನೆಲ್ಲ ಒಟ್ಟಿಗೆ ತೋರಿಸಿದ ವರ್ಷ. ಎಲ್ ನಿನೋ ಬೆಳೆಯುತ್ತಿತ್ತು. ದೇಶದ ಮಳೆ ಜೂನ್‌ನಲ್ಲಿ ಸರಾಸರಿಯ ಶೇ. 91, ಜುಲೈನಲ್ಲಿ ಶೇ. 113, ಆಗಸ್ಟ್‌ನಲ್ಲಿ ಶೇ. 64, ಸೆಪ್ಟೆಂಬರ್‌ನಲ್ಲಿ ಮತ್ತೆ ಶೇ. 113. ನಾಲ್ಕು ತಿಂಗಳನ್ನು ಕೂಡಿಸಿದರೆ ಶೇ. 94. ಕೇಳಲು ಪರವಾಗಿಲ್ಲ ಎನ್ನಿಸುವ ಅಂಕಿ. ಆದರೆ ಆ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆಶ್ಲೇಷ, ಮಘೆ ಮಳೆಗಳು ಕೈಕೊಟ್ಟಾಗ ಶೇಂಗಾ ಹೂಡುವ, ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತು. ಆಮೇಲೆ ಬಂದ ಮಳೆ ಕೆರೆಗೆ ಉಪಯೋಗವಾಗಬಹುದು, ಒಣಗಿದ ಪೈರಿಗಲ್ಲ. ಆ ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದೆ ಅದು 236 ತಾಲೂಕುಗಳಲ್ಲಿ 223ಕ್ಕೆ ಏರಿತು. ವಿಜಯನಗರ ಜಿಲ್ಲೆಯ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಪೆರುವಿನಲ್ಲೂ ಅದೇ ವರ್ಷ ಜೂನ್‌ನಲ್ಲಿ ಆಂಕೋವಿ ಹಿಡಿಯುವ ಮೊದಲ ಹಂಗಾಮನ್ನು ಸರ್ಕಾರ ರದ್ದು ಮಾಡಿತ್ತು. ಅಲ್ಲಿ ದೋಣಿ ದಂಡೆಯಲ್ಲಿ ನಿಂತಿತು, ಇಲ್ಲಿ ಪೈರು ಹೊಲದಲ್ಲಿ ಬಾಡಿತು.

ಮಳೆ ಸಾಮಾನ್ಯ ಎಂದಿದ್ದರು, ನಮ್ಮೂರಿಗೆ ಬರಲೇ ಇಲ್ಲ, ಇಲಾಖೆ ಹೇಳುವುದೆಲ್ಲ ಸುಳ್ಳು ಎನ್ನುವ ಸಂದೇಶಕ್ಕೂ ಉತ್ತರ ಇಲ್ಲೇ ಇದೆ. ಏಪ್ರಿಲ್ ನಡುವೆ ಇಲಾಖೆ ಕೊಡುವ ಮುನ್ಸೂಚನೆ ಇಡೀ ದೇಶದ ನಾಲ್ಕು ತಿಂಗಳ ಸರಾಸರಿಯದು. ಅದರಿಂದ ಕೊಟ್ಟೂರಿನ ಆಗಸ್ಟ್ ಹೇಗಿರುತ್ತದೆ ಎಂದು ತಿಳಿಯುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೇಳುವ ಎಲ್ ನಿನೋ ಅಂದಾಜು ತಪ್ಪುವ ಸಾಧ್ಯತೆಯೂ ಹೆಚ್ಚು, ಯಾಕೆಂದರೆ ಪೆಸಿಫಿಕ್ ಆ ತಿಂಗಳುಗಳಲ್ಲೇ ದಿಕ್ಕು ಬದಲಿಸುತ್ತದೆ. 2014ರ ಆರಂಭದಲ್ಲಿ ಮಹಾ ಎಲ್ ನಿನೋ ಬರುತ್ತದೆ ಎಂದು ಜಗತ್ತೇ ಕಾದಿತ್ತು, ಅದು ನಿಜವಾಗಿ ಬಂದದ್ದು 2015ಕ್ಕೆ. ತಮಾಷೆ ಏನೆಂದರೆ, 2014ರಲ್ಲೂ ನಮ್ಮ ಮುಂಗಾರು ಶೇ. 12ರಷ್ಟು ಕಡಿಮೆಯೇ ಆಯಿತು.

ಹಡಗಲಿ ತಾಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಅದು ನಂಬಿಕೆಯ ಮಾತು, ಒಂದೇ ಸಾಲಿನಲ್ಲಿ ವರ್ಷದ ಭವಿಷ್ಯ. ಹವಾಮಾನದ ಮುನ್ಸೂಚನೆಯನ್ನು ಕಾರ್ಣಿಕದಂತೆ ಓದಲು ಹೋದರೆ ಮೋಸ ಹೋಗುತ್ತೇವೆ. ಅದು ಒಂದು ಸಾಲಿನ ಮಾತಲ್ಲ, ವಾರವಾರಕ್ಕೂ ತಿದ್ದಿಕೊಳ್ಳುವ ಲೆಕ್ಕ.

ರೈತರು ಯಾವುದನ್ನು ನೋಡಬೇಕು?

ಮೊದಲನೆಯದು, ದೂರದ ಮಾತಿಗಿಂತ ಹತ್ತಿರದ ಮಾತು ಹೆಚ್ಚು ನಂಬಿಕೆಗೆ ಅರ್ಹ. ಹವಾಮಾನ ಇಲಾಖೆ ಮೇ ಕೊನೆಯಲ್ಲಿ ತನ್ನ ಮುನ್ಸೂಚನೆಯನ್ನು ಪರಿಷ್ಕರಿಸುತ್ತದೆ, ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಅಂದಾಜು ಕೊಡುತ್ತದೆ, ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಕೊಡುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಇದು ಕನ್ನಡದಲ್ಲೇ ಸಿಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹೋಬಳಿಯ ಮುನ್ಸೂಚನೆ ಕೇಳಬಹುದು. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಪಕಗಳ ಅಂಕಿ ಆ ಕೇಂದ್ರದಲ್ಲಿದೆ.

ಎರಡನೆಯದು, ಎಲ್ ನಿನೋ ಸಾಧ್ಯತೆ ಇದೆ ಎಂದರೆ ಬಿತ್ತಬೇಡಿ ಎಂದಲ್ಲ, ಎಲ್ಲವನ್ನೂ ಒಂದೇ ಬೆಳೆಯ ಮೇಲೆ ಇಡಬೇಡಿ ಎಂದರ್ಥ. ಮೆಕ್ಕೆಜೋಳದ ನಡುವೆ ತೊಗರಿಯ ಅಕ್ಕಡಿ, ಒಂದಿಷ್ಟು ಸಜ್ಜೆ, ನವಣೆ, ತಡ ಮಳೆಗೆ ಹುರುಳಿ ಇಟ್ಟುಕೊಳ್ಳುವುದು ಹಿರಿಯರು ಮಾಡಿಕೊಂಡು ಬಂದದ್ದೇ. ಮೊದಲ ಮಳೆಗೇ ಅವಸರದಲ್ಲಿ ಬಿತ್ತಿ, ಮತ್ತೆ ಎರಡನೇ ಸಲ ಬೀಜ ಕೊಳ್ಳುವ ಖರ್ಚನ್ನೂ ಮುಂದಿನ ಎರಡು ವಾರದ ಅಂದಾಜು ನೋಡಿ ತಪ್ಪಿಸಬಹುದು.

ಮೂರನೆಯದು ಬೆಳೆ ವಿಮೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2 ಮಾತ್ರ. ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ಶೇ. 5. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬೇಕು. ಮಳೆ ಬರುವುದೇ ಇಲ್ಲ ಎಂಬ ಫಾರ್ವರ್ಡ್ ನಂಬಿ ಬಿತ್ತದೆ ಕೂತವರಿಗೂ, ಮಳೆ ಭರ್ಜರಿ ಎಂಬ ಫಾರ್ವರ್ಡ್ ನಂಬಿ ವಿಮೆ ಬಿಟ್ಟವರಿಗೂ ನಷ್ಟ ಒಂದೇ.

ಫಾರ್ವರ್ಡ್ ಒತ್ತುವ ಮುನ್ನ

ಮಳೆಯ ಬಗ್ಗೆ ಸಂದೇಶ ಬಂದರೆ ಇಷ್ಟನ್ನು ಕೇಳಿಕೊಳ್ಳಿ:

• ಯಾವ ದಿನಾಂಕದ ಸಂದೇಶ? ವರ್ಷ ಇಲ್ಲದಿದ್ದರೆ ಹಳೆಯದಿರಬಹುದು.
• ಯಾರು ಹೇಳಿದ್ದು? ವಿಜ್ಞಾನಿಗಳು ಹೇಳಿದ್ದಾರೆ ಎಂದರೆ ಸಾಲದು, ಯಾವ ಸಂಸ್ಥೆ ಎಂದು ಇರಬೇಕು.
• ಯಾವ ಊರಿನ ಬಗ್ಗೆ? ದೇಶದ ಸರಾಸರಿಯೋ, ರಾಜ್ಯದ್ದೋ, ನಿಮ್ಮ ಹೋಬಳಿಯದೋ?
• ಖಚಿತ, ಗ್ಯಾರಂಟಿ, ಶೇ. 100 ಎಂಬ ಪದಗಳಿವೆಯೇ? ನಿಜವಾದ ಮುನ್ಸೂಚನೆ ಸಾಧ್ಯತೆಯ ಲೆಕ್ಕದಲ್ಲಿ ಮಾತಾಡುತ್ತದೆ.
• ಪೆಸಿಫಿಕ್ ಬಗ್ಗೆ ಮಾತ್ರ ಹೇಳಿ ಹಿಂದೂ ಮಹಾಸಾಗರದ ಬಗ್ಗೆ ಸುಮ್ಮನಿದೆಯೇ? ಹಾಗಿದ್ದರೆ ಅರ್ಧ ಕಥೆ ಮಾತ್ರ.

ಪೆರುವಿನ ಮೀನುಗಾರರು ನೂರಾರು ವರ್ಷ ನೀರನ್ನು ಮುಟ್ಟಿ ನೋಡಿ ತಮ್ಮ ಸಮುದ್ರವನ್ನು ಅರಿತರು. ನಮ್ಮ ರೈತರು ನಕ್ಷತ್ರದ ಹೆಸರಿಟ್ಟು ಮಳೆಯನ್ನು ಎಣಿಸುತ್ತ ಬಂದರು. ಎರಡೂ ಕಡೆ ತಿಳಿವಳಿಕೆ ಬಂದದ್ದು ತಾಳ್ಮೆಯಿಂದ ನೋಡಿದ್ದರಿಂದ. ಮಳೆಯ ಸಂದೇಶ ಕೈಗೆ ಬಂದಾಗ ಹಂಚುವ ಮೊದಲು ಎರಡು ನಿಮಿಷ ಅದೇ ತಾಳ್ಮೆ ತೋರಿಸಿದರೆ, ಗುಂಪಿನಲ್ಲಿರುವ ಯಾರದೋ ಒಂದು ಹಂಗಾಮು ಉಳಿಯಬಹುದು.